ಹರಿಗೋಲೇರಿದ ಬೆಂಕಿಯಾರಿಸುವ ಯಂತ್ರಕ್ಕೊಂದು ಬಿನ್ನಹ

ಹಂಪಿ, ಕಾರ್ತೀಕ ಮಾಸ, 1934

ಅಂಬಿಗ ಪಾಲಯ್ಯನ ಹರಿಗೋಲಿನಲ್ಲಿ ಸರ್ಕಾರದ ಪರವಾಗಿ ಬಿಜಯಂಗೈದಿರುವ, ಕೆಂಪು ಮೈಯ, ಹಿತ್ತಾಳೆ ಮೂತಿಯ, ಬೆಂಕಿಯಾರಿಸುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ನಿವೃತ್ತ ಶಾಲಾ ಉಪಾಧ್ಯಾಯ ವ್ಯಾಸರಾಜನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಮೈಬಣ್ಣ ಮಾಸದಿರಲಿ, ತಮ್ಮ ಹೊಟ್ಟೆಯ ಸೋಡಾ ನೀರು ಕದಡದಿರಲಿ. ತಮ್ಮ ಮೇಲಿನವರ ಕಚೇರಿಗೆ ಮೂರು ಅರ್ಜಿ ಬರೆದೆ, ಒಂದಕ್ಕೂ ಉತ್ತರವಿಲ್ಲ. ತಲೆಕೆಳಗಾದ ಕೂಡಲೇ ಏನನ್ನಾದರೂ ಹೊರಗೆ ಬಿಡುವವರು ಆ ಕಚೇರಿಗೆ ಸೇರಿದವರಲ್ಲಿ ತಾವೊಬ್ಬರೇ ಎಂದು ಖಾತ್ರಿಯಾದ ಮೇಲೆ ಈ ಬಹಿರಂಗ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಹಾಳುಗುಡಿಗಳನ್ನು ನೋಡಲು ಬಂದ ಒಬ್ಬ ದೊರೆಯೂ ದೊರೆಸಾನಿಯೂ ಪಾಲಯ್ಯನ ಹರಿಗೋಲಿನಲ್ಲಿ ಕುಳಿತು, ನಡುಹೊಳೆಯಲ್ಲಿ ನಾಲ್ಕು ಸುತ್ತು ತಿರುಗಿಸಿಕೊಂಡು ಗಟ್ಟಿಯಾಗಿ ನಕ್ಕರು. ಅವರು ನಕ್ಕದ್ದೇ ತಪ್ಪಾಯಿತು. ಜನ ಆನೆಗೊಂದಿಗೆ ದಾಟುವ ಹರಿಗೋಲು ಅಂದಿನಿಂದ ದಫ್ತರದಲ್ಲಿ 'ವಿಹಾರ ನೌಕೆ'ಯಾಯಿತು. ವಿಹಾರ ನೌಕೆಯೆಂದ ಮೇಲೆ, ಅದರಲ್ಲಿ ಎಣ್ಣೆಯ ಎಂಜಿನ್ನಿರಲಿ, ಬರೀ ಬಿದಿರು ತೊಗಲೇ ಇರಲಿ, ತಮ್ಮಂಥವರೊಬ್ಬರು ಇರಲೇಬೇಕು, ತಮ್ಮನ್ನು ನೌಕೆಗೆ ಬಿಗಿದು ಕಟ್ಟಿರಬೇಕು, ಎಂದಿಗೂ ಬಿಚ್ಚಕೂಡದು ಎಂದು ಕಾಯಿದೆಯಂತೆ. ಸುತ್ತಲೂ ತುಂಗಭದ್ರೆ ಹರಿಯುತ್ತಿರುವಾಗ ನೀರಿಗೆ ಬರ ಬಂದೀತೆಂದು ಮುಂದಾಲೋಚಿಸಿದ ಬುದ್ಧಿಗೆ ನಾನು ಕೈಮುಗಿಯುತ್ತೇನೆ.

ಆದರೆ ಹರಿಗೋಲಿನ ಸಂಪ್ರದಾಯವನ್ನು ತಮಗೆ ಯಾರೂ ಹೇಳಿದಂತಿಲ್ಲ. ಸಂಜೆಯಾದರೆ ಅಂಬಿಗ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಮನೆಗೆ ಒಯ್ದು, ಬೋರಲಾಗಿಯೇ ಒಣಗಲು ಇಡುತ್ತಾನೆ; ಇಲ್ಲವಾದರೆ ತೊಗಲು ಕೊಳೆಯುತ್ತದೆ. ತಮ್ಮ ಸಂಪ್ರದಾಯವೋ, ಬೋರಲಾದರೆ ಒಳಗಿನ ಸೀಸೆಯ ಆಸಿಡ್ಡು ಸೋಡಾ ನೀರಿಗೆ ಬೆರೆತು ಭುಸ್ಸೆಂದು ಚಿಮ್ಮುವುದು. ಮೊದಲ ಸಂಜೆ ತಾವು ಪಾಲಯ್ಯನ ನೆತ್ತಿಗೇ ಅಭಿಷೇಕ ಮಾಡಿದಿರಿ. ಸರ್ಕಾರ ತಮ್ಮನ್ನು ಮತ್ತೆ ತುಂಬಿಸಿದ ದಿನ, ಅಂಗಳದಲ್ಲಿದ್ದ ಅವನ ಹೆಂಡತಿ ಭರಮಮ್ಮನ ಒಲೆಗೆ ಗುರಿಯಿಟ್ಟು, ಹಂಚಿನ ಮೇಲಿನ ರೊಟ್ಟಿಯ ಸಮೇತ ಬೆಂಕಿಯನ್ನು ನಂದಿಸಿದಿರಿ. "ಬೆಂಕಿ ಆರ್ಸೋ ಯಂತ್ರ ಅಲ್ರೀ ಇದು, ಮನಿ ಮಂದೀನ ಉಪಾಸ ಕೆಡವೋ ಯಂತ್ರ" ಎಂದು ಆಕೆ ನುಡಿದದ್ದನ್ನು ತಾವು ಬಿನ್ನವತ್ತಳೆಯೆಂದೇ ಸ್ವೀಕರಿಸಬೇಕು.

ತಪಾಸಣೆಯ ಸಾಹೇಬರು ಹೊಸಪೇಟೆಯಿಂದ ಬಂದಾಗಲೆಲ್ಲ ತಮ್ಮನ್ನು ಅಲುಗಾಡಿಸಿ ನೋಡಿ, ಕೊರಳಿನ ಚೀಟಿಯಲ್ಲಿ 'ಖಾಲಿ' ಎಂದು ಬರೆದರು. "ಮಗುಚಿದ್ರ ಕಾರ್ತೈತ್ರಿ, ಮಗುಚದಿದ್ರ ತೊಗಲು ಕೊಳೀತೈತ್ರಿ, ನಾ ಏನ್ ಮಾಡ್ಲಿ ನೀವ ಹೇಳ್ರಿ" ಎಂದು ಪಾಲಯ್ಯ ಅಂಗಲಾಚಿದ. ಸಾಹೇಬರು ಗಡ್ಡ ತುರಿಸಿಕೊಂಡು, ತಮ್ಮನ್ನು ಮತ್ತೊಮ್ಮೆ ತುಂಬಿಸಿ, ತಾವು ಒಂದು ತಿಂಗಳು ಬರಿದಾಗದೆ ನಿಂತದ್ದು ಸಾಬೀತಾಗುವ ತನಕ ಹರಿಗೋಲು ನೀರಿಗೆ ಇಳಿಯಲೂಕೂಡದು, ಮಗುಚಲೂಕೂಡದು ಎಂದು ಅಪ್ಪಣೆ ಕೊಡಿಸಿ ಹೋದರು. ಇಪ್ಪತ್ತೇಳು ದಿನವಾಯಿತು. ಹಿಂಗಾರಿನ ಮಳೆನೀರು ಅದರೊಳಗೆ ನಿಂತಿದೆ, ಕಪ್ಪೆಗಳು ವಿಹಾರ ಮಾಡುತ್ತಿವೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಮಗಳು ಭೀಮಾಬಾಯಿ ಆಚೆ ದಡದ ಆನೆಗೊಂದಿಯಲ್ಲಿದ್ದಾಳೆ. ಚೊಚ್ಚಲು, ಒಂಬತ್ತು ತುಂಬುತ್ತಿದೆ, ಹೆರಿಗೆಗೆ ಕರೆತರಬೇಕು. ಈ ಘಟ್ಟದಲ್ಲಿ ದಾಟಿಸಲು ಉಳಿದಿರುವುದು ಇದೊಂದೇ ಹರಿಗೋಲು, ಕಂಪ್ಲಿಯ ಮೇಲೆ ಸುತ್ತಿ ಬರುವುದೆಂದರೆ ಬಸುರಿಗೆ ದಿನವೆಲ್ಲ ಗಾಡಿಯ ಕುಲುಕಾಟ. ನನ್ನ ಹೆಂಡತಿ ಗೋದಾಬಾಯಿ ದಿನಾ ಘಟ್ಟಕ್ಕೆ ಹೋಗಿ ನಿಲ್ಲುತ್ತಾಳೆ. "ಇಷ್ಟು ಹತ್ರ ಅದಾಳ, ಕೂಗಿದ್ರ ಕೇಳ್ತದ" ಎನ್ನುತ್ತಾಳೆ. ನನಗೆ ಭಯವಾಗಿದೆ, ಮಾನ್ಯರೇ. ತಮ್ಮ ಮುಂದೆ ಸುಳ್ಳೇಕೆ ಹೇಳಲಿ.

ಆದ್ದರಿಂದ ಒಂದೋ ತಾವು ಶೀರ್ಷಾಸನವನ್ನು ಅಭ್ಯಾಸ ಮಾಡಿ, ತಲೆಕೆಳಗಾದಾಗಲೂ ಬಾಯಿ ಬಿಗಿಹಿಡಿಯುವುದನ್ನು ಕಲಿಯಬೇಕು. ಇಲ್ಲವೆ ತುಂಗಭದ್ರೆಯ ನಡುನೀರಿಗೇ ಬೆಂಕಿ ಬೀಳುವಂತೆ ಮಾಡಿ, ಅದನ್ನು ಆರಿಸಿ, ಬಡ್ತಿ ಪಡೆದು ಬಳ್ಳಾರಿಗೆ ವರ್ಗವಾಗಬೇಕು. ಎರಡೂ ಆಗದಿದ್ದಲ್ಲಿ, ತಪಾಸಣೆ ಮುಗಿಯುವ ತನಕ ನನ್ನ ಮೊಮ್ಮಗು ಹುಟ್ಟಕೂಡದೆಂದು ಸಾಹೇಬರಿಂದ ಒಂದು ಅಪ್ಪಣೆಯನ್ನಾದರೂ ಬರೆಸಿಕೊಡಬೇಕು.

ಒಲೆ ಹಚ್ಚಲೂ ತಮ್ಮ ಅನುಮತಿ ಬೇಡುವ,
ತಮ್ಮ ವಿಶ್ವಾಸಿ,
ವ್ಯಾಸರಾಜ

ವಿ.ಸೂ.: ಪತ್ರ ಅಚ್ಚಿಗೆ ಹೋಗುವ ಮುನ್ನ ಇಷ್ಟನ್ನು ಸೇರಿಸಬೇಕಾಯಿತು. ಮೊನ್ನೆ ಪಾಲಯ್ಯ ತಮ್ಮನ್ನು ತಲೆಕೆಳಗಾಗದಂತೆ ನೆಟ್ಟಗೆ ಹಿಡಿದೇ ಬಿಚ್ಚಿ, ಹಿತ್ತಲಲ್ಲಿ ತನ್ನ ಕೋಳಿಗಳು ಮಲಗುವ, ತಳವೇ ಇಲ್ಲದ ಹಳೆಯ ಹರಿಗೋಲಿನ ಬಿದಿರಿಗೆ ಬಿಗಿದು ಕಟ್ಟಿದ್ದು ತಮಗೆ ತಿಳಿದೇ ಇದೆ. ಒಳ್ಳೆಯ ಹರಿಗೋಲನ್ನು ಬೋರಲು ಹಾಕಿ ಒಣಗಿಸಿದ. ನಿನ್ನೆ ಭೀಮಾಬಾಯಿ ಅದರಲ್ಲಿ ದಾಟಿ ಬಂದಳು. ಇವತ್ತು ಬೆಳಗ್ಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ. ಮಧ್ಯಾಹ್ನ ತಪಾಸಣೆಯ ಸಾಹೇಬರು ಬಂದರು. ತಮ್ಮ ಹೊಟ್ಟೆ ತುಂಬಿರುವುದನ್ನಷ್ಟೇ ನೋಡಿ, ಹಿಗ್ಗಿ, ತಾವು ಕುಳಿತಿರುವ ನೌಕೆ ಹನ್ನೆರಡು ಮಂದಿ ಪ್ರಯಾಣಿಕರಿಗೆ ಸರ್ವಥಾ ಯೋಗ್ಯವೆಂದು ಪರವಾನಗಿ ಬರೆದುಕೊಟ್ಟರು. ಅದರ ಮೊದಲ ವಿಹಾರಕ್ಕೆ ಅವರನ್ನೇ ಆಹ್ವಾನಿಸಿದ್ದೇವೆ. ನಡುಹೊಳೆಯಲ್ಲಿ ಏನೇ ಆದರೂ ಬೆಂಕಿಯಿಂದಂತೂ ಅವರಿಗೆ ಅಪಾಯವಿಲ್ಲ.