ಸುಣ್ಣದ ಗುಂಡಿಯಲ್ಲೂ ಹಡಗಿನಲ್ಲೂ ಇರುವ ೪೧೭ನೇ ಹೋರಿಗೆ

ಮಾನ್ಯರೇ,

ಕಂದು ಮೈಯವರೂ, ಹಣೆಯ ಮೇಲೆ ಬಿಳಿ ಚುಕ್ಕೆಯುಳ್ಳವರೂ, ರಫ್ತು ದನಗಳ ತಪಾಸಣಾ ಕೊಟ್ಟಿಗೆಯ ಮೂರನೇ ಸಾಲಿನಲ್ಲಿ ಏಳನೇ ಕಂಬದ ನಿವಾಸಿಗಳೂ ಆಗಿದ್ದ ತಮಗೆ ಕೊಟ್ಟಿಗೆ ಕೆಲಸಗಾರರ ಸಂಘದ ನಮಸ್ಕಾರಗಳು. ತಮ್ಮ ಈಗಿನ ವಿಳಾಸದ ಬಗ್ಗೆ ನಮ್ಮಲ್ಲಿ ಸ್ವಲ್ಪ ಗೊಂದಲವಿದೆ. ಇಲಾಖೆಯ ಕಾಗದದ ಪ್ರಕಾರ ತಾವು ಸಮುದ್ರ ದಾಟಿ ಪರದೇಶದಲ್ಲಿ ಸುಖವಾಗಿ ಮೇವು ತಿನ್ನುತ್ತಿದ್ದೀರಿ. ಇಪ್ಪತ್ತೆರಡು ವರ್ಷ ಅದೇ ಕೊಟ್ಟಿಗೆಯಲ್ಲಿ ಸಗಣಿ ಬಾಚಿದ ನನ್ನ ಅಕ್ಕನ ಪ್ರಕಾರ ಹಿತ್ತಲಿನ ಗುಂಡಿಯಲ್ಲಿ ಎಂಟು ಮೂಟೆ ಸುಣ್ಣದ ಕೆಳಗೆ ಮಲಗಿದ್ದೀರಿ. ಎರಡು ಕಡೆಗೂ ತಲುಪಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ದೂರು ತಮ್ಮ ಜೊಲ್ಲಿನ ಬಗ್ಗೆ. ಹಡಗು ಹೊರಡಲು ಇನ್ನು ಮೂರೇ ದಿನ ಇದ್ದಾಗ, ಬೆಳಿಗ್ಗೆ ಆರೂವರೆಗೆ, ಯಾರ ಅಪ್ಪಣೆಯನ್ನೂ ಪಡೆಯದೆ ತಾವು ಹಗ್ಗದಂಥ ಜೊಲ್ಲು ಸುರಿಸಿದಿರಿ. ಮೇವಿಗೆ ಬಾಯಿ ಹಾಕಲಿಲ್ಲ. ಹಿಂಗಾಲು ಊರಲಿಲ್ಲ. ಅಕ್ಕ ತಮ್ಮ ಬಾಯಿ ಬಿಡಿಸಿ ನೋಡಿದಳು, ನಾಲಿಗೆ ಸುಲಿದಿತ್ತು, ಒಸಡಿನಲ್ಲಿ ಗುಳ್ಳೆ ಇತ್ತು. ಅವಳಿಗೆ ಓದು ಏಳನೇ ಕ್ಲಾಸಿನವರೆಗೆ ಮಾತ್ರ. ಆದರೆ ಕಾಲುಬಾಯಿ ರೋಗವನ್ನು ಗುರುತಿಸಲು ಅವಳಿಗೆ ಏಳು ನಿಮಿಷವೂ ಬೇಕಾಗಿಲ್ಲ. ಕೊಟ್ಟಿಗೆಯ ದಿನಚರಿ ಪುಸ್ತಕ ತೆಗೆದು, ‘೪೧೭, ಬಾಯಲ್ಲಿ ಗುಳ್ಳೆ, ಕಾಲುಬಾಯಿ ಇರಬಹುದು’ ಎಂದು ಬರೆದು ಸಹಿ ಹಾಕಿದಳು. ಅವಳು ಮಾಡಿದ ಅಪರಾಧ ಇಷ್ಟು.

ತಮಗೆ ಬಾಯಿಹುಣ್ಣೇ ಬೇಕಿದ್ದರೆ ಬೇರೆ ಎಷ್ಟೋ ಸಾಧಾರಣ ಹುಣ್ಣುಗಳಿದ್ದವು. ಅವನ್ನೆಲ್ಲ ಬಿಟ್ಟು, ಇಡೀ ಜಗತ್ತು ಪಟ್ಟಿ ಮಾಡಿಟ್ಟುಕೊಂಡಿರುವ, ಒಂದು ದನದಲ್ಲಿ ಕಂಡರೂ ಒಂದು ದಿನದೊಳಗೆ ಎಲ್ಲ ದೇಶಗಳಿಗೂ ತಿಳಿಸಲೇಬೇಕಾದ ರೋಗವನ್ನೇ ತಾವು ಆರಿಸಿಕೊಂಡಿರಿ. ತಮ್ಮ ಅಭಿರುಚಿ ದೊಡ್ಡದು. ನಮ್ಮ ಸಂಘದವರು ಹತ್ತು ವರ್ಷ ಕೂಗಿದರೂ ಪಕ್ಕದ ಬೀದಿಗೆ ಕೇಳಿಸಲಿಲ್ಲ. ತಾವು ಒಮ್ಮೆ ಬಾಯಿ ತೆರೆದರೆ ಬಂದರುಗಳು ಬಾಗಿಲು ಹಾಕುತ್ತವೆ, ಮಂತ್ರಿಗಳು ಮಾತಾಡುವುದನ್ನು ನಿಲ್ಲಿಸುತ್ತಾರೆ.

ಅಕ್ಕ ಪುಸ್ತಕ ಹಿಡಿದು ಸಾಹೇಬರ ಕೋಣೆಗೆ ಹೋದಳು. ಆ ಕೋಣೆಯ ಗೋಡೆಯ ಮೇಲೆ ‘ಒಂದು ದನ, ಒಂದು ಸಂಖ್ಯೆ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಬೋರ್ಡಿದೆ. ಅದರ ಕೆಳಗೆ ಕೂತ ಸಾಹೇಬರು, ‘ಏನಮ್ಮಾ, ನೀನೇನು ಡಾಕ್ಟರಾ? ಬಿಸಿಲಿಗೆ ಜೊಲ್ಲು ಬಂದಿದೆ ಅಂತ ಬರಿ, ಹೋಗು’ ಎಂದರಂತೆ. ‘ಬೆಳಿಗ್ಗೆ ಆರೂವರೆಗೆ ಎಲ್ಲಿಯ ಬಿಸಿಲು ಸಾರ್?’ ಎಂದು ಅಕ್ಕ ಕೇಳಿದಳಂತೆ. ಇದಕ್ಕೆ ಸಾಹೇಬರ ಉತ್ತರ ಮರುದಿನ ಅಮಾನತಿನ ಆದೇಶವಾಗಿ ಬಂತು.

ಅಂದು ಮಧ್ಯಾಹ್ನವೇ ತಮ್ಮನ್ನು ಹಿತ್ತಲಿನ ಗುಂಡಿಗೆ ಎಳೆದುಕೊಂಡು ಹೋದರು. ಹಡಗಿಗೆ ಇನ್ನೂರು ಹೋರಿಗಳ ಲೆಕ್ಕ ಒಪ್ಪಿಸಬೇಕಿತ್ತು. ಒಂದು ಕಡಿಮೆಯಾದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದರೆ ರೋಗದ ಹೆಸರು ಹೇಳಬೇಕಾಗುತ್ತದೆ. ಆದ್ದರಿಂದ ಎಲ್ಲಿಂದಲೋ ಇನ್ನೊಂದು ಕಂದು ಹೋರಿಯನ್ನು ತಂದು, ಕಚೇರಿಯ ಯಂತ್ರದಲ್ಲಿ ೪೧೭ ಎಂದು ಹೊಸ ಹಳದಿ ಕಿವಿಯೋಲೆ ಅಚ್ಚು ಹಾಕಿಸಿ, ಅದರ ಕಿವಿಗೆ ಚುಚ್ಚಿ, ಹಡಗು ಹತ್ತಿಸಿದರು. ಮಾನ್ಯರೇ, ಹೀಗೆ ಸತ್ತ ದಿನವೇ ಮರುಹುಟ್ಟು ಪಡೆದ ಭಾಗ್ಯ ತಮ್ಮದು.

ಹಡಗು ಹೊರಟ ಐದನೇ ದಿನ ಆ ಕಡೆಯ ಬಂದರಿನಲ್ಲಿ ಅಲ್ಲಿನ ಪಶುವೈದ್ಯರು ಬಂದು ನೋಡಿದರೆ ಹನ್ನೆರಡು ಹೋರಿಗಳು ಜೊಲ್ಲು ಸುರಿಸುತ್ತಾ ಕುಂಟುತ್ತಿವೆ. ೪೧೭ ಮಾತ್ರ ಎಲ್ಲರಿಗಿಂತ ಗಟ್ಟಿಯಾಗಿದೆ ಎಂದು ಅವರು ವಿಶೇಷವಾಗಿ ಬರೆದಿದ್ದಾರೆ, ಅಭಿನಂದನೆಗಳು. ಆ ದೇಶ ನಮ್ಮ ದನ, ಮಾಂಸ, ಹಾಲಿನ ಪುಡಿ, ಹಸಿ ಚರ್ಮ, ಎಲ್ಲಕ್ಕೂ ಬಾಗಿಲು ಹಾಕಿತು. ಅದನ್ನು ನೋಡಿ ಇನ್ನೂ ನಾಲ್ಕು ದೇಶಗಳು ಹಾಕಿದವು. ಮೊದಲ ದಿನವೇ ನಾವಾಗಿಯೇ ಹೇಳಿದ್ದರೆ ಈ ಒಂದು ಕೊಟ್ಟಿಗೆಯ ಸುತ್ತ ಗಡಿ ಹಾಕಿ, ಉಳಿದ ಊರುಗಳ ವ್ಯಾಪಾರವನ್ನು ಉಳಿಸಿಕೊಳ್ಳಬಹುದಿತ್ತು. ರೋಗ ಬಂದವರನ್ನು ಜಗತ್ತು ನಾಲ್ಕಾರು ತಿಂಗಳು ದೂರ ಇಡುತ್ತದೆ, ಬಚ್ಚಿಟ್ಟವರನ್ನು ನಂಬುವುದನ್ನೇ ಬಿಡುತ್ತದೆ. ಇದು ಅಕ್ಕನಿಗೆ ಗೊತ್ತು, ಸಾಹೇಬರಿಗೂ ಗೊತ್ತು. ಒಬ್ಬರು ದಿನಚರಿಯಲ್ಲಿ ಬರೆದರು, ಒಬ್ಬರು ಆ ಹಾಳೆಯನ್ನೇ ಹರಿದರು.

ಸಾಹೇಬರು ಈಗ ರೋಗ ಸಮುದ್ರದ ಗಾಳಿಯಿಂದ ಅಂಟಿತು ಎನ್ನುತ್ತಿದ್ದಾರೆ. ಆ ಗಾಳಿ ಬಹಳ ಚುರುಕಿನದಿರಬೇಕು, ಹಿಂದಕ್ಕೂ ಬೀಸಿ ಕೊಟ್ಟಿಗೆಯ ಪಕ್ಕದ ಬೀದಿಗೂ ಬಂತು. ಅಲ್ಲಿ ಎರಡು ಹಸು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುವ ಅಜ್ಜಿಯ ಕರು, ಮೊಲೆ ಬಾಯಲ್ಲಿ ಇದ್ದಂತೆಯೇ ಕುಸಿದು ಸತ್ತಿತು. ‘ಮೊದಲೇ ಒಂದು ಮಾತು ಹೇಳಿದ್ರೆ ನಾನು ಅವನ್ನ ಹೊರಗೆ ಬಿಡ್ತಿರಲಿಲ್ಲವಲ್ಲೇ’ ಎಂದು ಅಜ್ಜಿ ನನ್ನ ಅಕ್ಕನನ್ನು ಬೈದಳು. ಹೇಳಬೇಡ ಎಂದವರ ಮನೆ ಎಲ್ಲಿದೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಬೈಗುಳವನ್ನು ಅಕ್ಕ ತಲೆ ಬಗ್ಗಿಸಿ ಕೇಳಿಸಿಕೊಂಡಳು.

ಸೋಮವಾರ ಹನ್ನೊಂದು ಗಂಟೆಗೆ, ಸಾಹೇಬರ ಕೋಣೆಯಲ್ಲೇ, ಅಕ್ಕನ ವಿಚಾರಣೆ. ‘ಆರೋಗ್ಯವಂತ ಹೋರಿಗೆ ಇಲ್ಲದ ರೋಗ ಹೊರಿಸಿ ದೇಶದ ವ್ಯಾಪಾರಕ್ಕೆ ಧಕ್ಕೆ ತಂದಿದ್ದಾಳೆ’ ಎಂಬುದು ಆರೋಪ. ತಾವು ಕ್ಷೇಮವಾಗಿ ಹಡಗಿನಿಂದ ಇಳಿದ ವರದಿಯೇ ಸಾಕ್ಷಿ. ಆರೋಪ ನಿಂತರೆ ಕೆಲಸ ಹೋಗುತ್ತದೆ, ಮತ್ತೆ ಯಾವ ಕೊಟ್ಟಿಗೆಯೂ ಅವಳನ್ನು ಒಳಗೆ ಬಿಡುವುದಿಲ್ಲ. ಆದಕಾರಣ ತಾವು ದಯಮಾಡಿ ಸುಣ್ಣ ಕೊಡವಿಕೊಂಡು ಎದ್ದು ಬಂದು, ವಿಚಾರಣಾಧಿಕಾರಿಗಳ ಮೇಜಿನ ಮೇಲೆ ಒಂದೇ ಒಂದು ಸಲ ಜೊಲ್ಲು ಸುರಿಸಬೇಕಾಗಿ ವಿನಂತಿ. ಅಷ್ಟು ತೊಂದರೆ ತೆಗೆದುಕೊಳ್ಳಲು ಆಗದಿದ್ದರೆ, ಮುಂದಿನ ಸಲವಾದರೂ ತಮ್ಮ ಜಾತಿಯವರು ಹಡಗಿನ ವೇಳಾಪಟ್ಟಿ ನೋಡಿಕೊಂಡು, ಸಾಹೇಬರ ಸಹಿ ಪಡೆದು, ನಿವೃತ್ತಿಯ ವಯಸ್ಸಾದ ಮೇಲೆಯೇ ಕಾಯಿಲೆ ಬೀಳುವಂತೆ ತಿಳಿಹೇಳಿ.

ಆದರೂ, ತಾವು ಬಾಯಿ ಮುಚ್ಚಲಿಲ್ಲ ಎಂಬ ಕಾರಣಕ್ಕೆ ಇಡೀ ಸಂಘ ತಮಗೆ ಋಣಿಯಾಗಿದೆ. ಆ ಕೊಟ್ಟಿಗೆಯಲ್ಲಿ ಅಂದು ನಿಜ ಹೇಳಿದವರು ಇಬ್ಬರೇ. ಒಬ್ಬರನ್ನು ಹೂತರು, ಇನ್ನೊಬ್ಬಳನ್ನು ಹೂಳಲು ನಾವು ಬಿಡುವುದಿಲ್ಲ.

ತಮ್ಮ ವಿಶ್ವಾಸಿ,
ಅಮಾನತಾದವಳ ತಂಗಿ,
ಕಾರ್ಯದರ್ಶಿ, ಕೊಟ್ಟಿಗೆ ಕೆಲಸಗಾರರ ಸಂಘ

ತಾ.ಕ.: ತಮ್ಮನ್ನು ಎಳೆದೊಯ್ಯುವಾಗ ಕೊಟ್ಟಿಗೆಯ ಗೇಟಿನ ಚಿಲಕಕ್ಕೆ ಸಿಕ್ಕಿ ತಮ್ಮ ಹಳೆಯ ಕಿವಿಯೋಲೆ ಹರಿದು ಬಿತ್ತು. ಅದು ತಮ್ಮ ಜೊತೆಗೇ ಗುಂಡಿ ಸೇರಿತೆಂದು ಸಾಹೇಬರು ನಿಶ್ಚಿಂತರಾಗಿದ್ದಾರೆ. ಅಂದು ಸಂಜೆ ನೆಲ ತೊಳೆಯುವಾಗ ಚರಂಡಿಯ ಜಾಲರಿಯಲ್ಲಿ ಅದು ಅಕ್ಕನಿಗೆ ಸಿಕ್ಕಿತು; ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಟ್ಟಿದ್ದಾಳೆ. ಅದರ ಹಿಂಬದಿಯಲ್ಲಿ ಅಚ್ಚಾದ ತಿಂಗಳು ತಾವು ಕೊಟ್ಟಿಗೆಗೆ ಬಂದ ತಿಂಗಳೇ. ಪರದೇಶದ ೪೧೭ರ ಕಿವಿಯೋಲೆಯ ಹಿಂಬದಿಯನ್ನೂ ಒಮ್ಮೆ ನೋಡಿರೆಂದು ಅಲ್ಲಿನ ಪಶುವೈದ್ಯರಿಗೆ ಮೊದಲೇ ಬರೆದಿದ್ದೆವು. ಉತ್ತರ ನಿನ್ನೆ ಬಂತು, ಫೋಟೋ ಸಮೇತ. ಅದರಲ್ಲಿ ಅಚ್ಚಾಗಿರುವುದು ಹಡಗು ಹೊರಟ ತಿಂಗಳು. ಸೋಮವಾರ ಸಾಹೇಬರ ಬೋರ್ಡಿನ ಕೆಳಗೆ ಎರಡನ್ನೂ ಅಕ್ಕಪಕ್ಕದಲ್ಲಿ ಇಡುತ್ತೇವೆ. ತಾವು ಎದ್ದು ಬರುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ, ಮಲಗಿರಿ.