ಎರಡು ಮೊಳ ಉದ್ದದ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ದೊಡ್ಡವರನ್ನು ಕಂಡು ಹುಟ್ಟುವುದಿಲ್ಲ. ದೆಹಲಿಯವರು ವಿಮಾನದಲ್ಲಿ ಹಾರಾಡಿದರೆ ನನಗೇನು? ಆದರೆ ನನ್ನ ಜೊತೆಗೇ ಗ್ರಂಥಪಾಲಕ ತರಬೇತಿ ಮುಗಿಸಿದ, ನನಗಿಂತ ಕಡಿಮೆ ಅಂಕ ತೆಗೆದ ಹರಪನಹಳ್ಳಿಯ ನಾಗಪ್ಪನ ಲೈಬ್ರರಿಗೆ ಒಂದು ಹೊಸ ಬೀರು ಬಂದರೂ ನನಗೆ ರೊಟ್ಟಿ ಸೇರುವುದಿಲ್ಲ. ನಾನು ಕೊಟ್ಟೂರಿನ ಕಾಲೇಜೊಂದರ ಲೈಬ್ರರಿಯಲ್ಲಿದ್ದ ಎಂಬತ್ತರ ದಶಕದಲ್ಲಿ ಅವನು ಬೀರುವಿಗಿಂತ ದೊಡ್ಡ ಪೆಟ್ಟು ಕೊಟ್ಟ.

ನಾಗಪ್ಪನಿದ್ದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಶೇಂಗಾ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ಶೇಂಗಾದ ತವರು ದಕ್ಷಿಣ ಅಮೆರಿಕ. ಅಲ್ಲಿಯ ಎಷ್ಟೋ ಪಂಡಿತರು ಬರೆಯುವುದು ಸ್ಪ್ಯಾನಿಷ್‌ನಲ್ಲಿ. ನಾಗಪ್ಪ ದೆಹಲಿಯ ವಿಜ್ಞಾನ ಮಾಹಿತಿ ಕೇಂದ್ರಕ್ಕೆ ಪತ್ರ ಬರೆದ. ಅಲ್ಲಿಯ ಕಚೇರಿಯವರು ಟೆಲಿಫೋನ್ ತಂತಿಯ ಮೂಲಕ ಹೊರದೇಶದ ಕಂಪ್ಯೂಟರನ್ನು ಕೇಳಿ, ಯಾವ ಲೇಖನ ಯಾವ ಪತ್ರಿಕೆಯಲ್ಲಿದೆ ಎಂಬ ಪಟ್ಟಿ ಕಳಿಸಿದರು. ಬರೀ ಪಟ್ಟಿ, ಲೇಖನವಲ್ಲ. ಅದನ್ನು ತೋರಿಸಲೆಂದೇ ಬಸ್ಸು ಹತ್ತಿ ಬಂದ ನಾಗಪ್ಪ, ಅಂಚಿನುದ್ದಕ್ಕೂ ತೂತುಗಳಿದ್ದ ಆ ಕಾಗದವನ್ನು ನನ್ನ ಮೇಜಿನಿಂದ ಬಾಗಿಲವರೆಗೆ ಹಾಸಿ, "ನೋಡಲೇ ದೋಸ್ತ, ಎಲ್ಲೂ ಹರದಿಲ್ಲ, ಒಂದಾ ಹಾಳಿ!" ಎಂದ. ಮನೆಗೆ ಹೋಗಿ ಹೆಂಡತಿಯ ಮುಂದೆ ಸಂಕಟ ತೋಡಿಕೊಂಡೆ. "ಅವರಿಗೆ ಅದು ಓದಾಕ ಬರ್ತೈತೇನ್ರಿ?" ಎಂದಳು. ಇಲ್ಲ ಎಂದೆ. "ಮತ್ತ ನಿಮಗ್ಯಾಕ ಉರಿ?" ಲೈಬ್ರರಿಯ ಮಾನ ಎಂದರೇನೆಂದು ಅವಳಿಗೆ ಹೇಗೆ ತಿಳಿಯಬೇಕು!

ನಾನೂ ದೆಹಲಿಗೆ ಬರೆದೆ. ನಮ್ಮಲ್ಲಿ ಪಿಎಚ್.ಡಿ. ಮಾಡುವವರು ಯಾರೂ ಇರದ ಕಾರಣ ವಿಷಯವನ್ನು ನಾನೇ ಆರಿಸಿದೆ: ಜೋಳ, ಅದೂ ಸ್ಪ್ಯಾನಿಷ್‌ನಲ್ಲಿ ಬರೆದದ್ದೇ ಬೇಕೆಂದೆ. ಪಟ್ಟಿ ಬಂತು, ನಾಗಪ್ಪನದಕ್ಕಿಂತ ಎರಡು ಮೊಳ ಉದ್ದ! ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಅದರಲ್ಲಿದ್ದ ಒಂದೊಂದು ಲೇಖನಕ್ಕೂ, ನಮ್ಮ ಪುಸ್ತಕಗಳಿಗೆ ಬರೆಯುವ ಹಾಗೆಯೇ, ಒಂದೊಂದು ಕಾರ್ಡು ಬರೆದು ಕ್ಯಾಟಲಾಗಿನ ಡ್ರಾಯರು ತುಂಬಿಸಿದೆ. ಲೈಬ್ರರಿಯಲ್ಲಿ ಇಲ್ಲದ್ದಕ್ಕೆ ಕಾರ್ಡು ಬರೆಯಬಾರದು ಎಂಬುದು ತರಬೇತಿಯ ಮೊದಲ ಪಾಠ. ಆ ಪಾಠದಲ್ಲಿ ನನಗೇ ಹೆಚ್ಚು ಅಂಕ ಬಂದಿತ್ತು.

ಮುಂದಿನ ಸಲ ಬಂದ ನಾಗಪ್ಪ ಡ್ರಾಯರು ಎಳೆದ. ಅವನ ಮುಖ ಕಪ್ಪಿಟ್ಟಿತು. ಆಹಾ, ಆ ಸುಖ! "ಇಷ್ಟೂ ನಿಮ್ಮಲ್ಲಿ ಅದಾವೇನಲೇ? ಒಂದು ತಗದು ತೋರ್ಸು" ಎಂದ. "ಎಲ್ಲಾ ಹೊರಗ ಹೋಗ್ಯಾವ" ಎಂದೆ. "ಕೊಟ್ಟೂರಾಗ ಸ್ಪ್ಯಾನಿಷ್ ಓದಾವ ಯಾವನಲೇ?" "ನಾನು" ಎಂದುಬಿಟ್ಟೆ. ಪುಸ್ತಕ ಒಯ್ದವರ ರಿಜಿಸ್ಟರು ತೋರಿಸು ಎಂದ. ಅದು ಪ್ರಿನ್ಸಿಪಾಲರ ಹತ್ತಿರವಿದೆ ಎಂದು ಹೇಗೋ ಸಾಗಹಾಕಿದೆ. ಮತ್ತೆ ಬಂದಾನೆಂಬ ಭಯಕ್ಕೆ ಅಂದೇ ಅಷ್ಟನ್ನೂ ರಿಜಿಸ್ಟರಿನಲ್ಲಿ ನನ್ನ ಹೆಸರಿಗೆ ಬರೆದುಕೊಂಡೆ.

ಮಾರ್ಚಿನಲ್ಲಿ ವರ್ಷದ ತಪಾಸಣೆ ಬಂತು. ಪ್ರಿನ್ಸಿಪಾಲರು ರಿಜಿಸ್ಟರಿನ ಮೇಲೆ ಕಣ್ಣಾಡಿಸಿ, "ವಾಪಸ್ ಕೊಡದವರಿಗೆ ನೋಟಿಸ್ ಕಳಿಸ್ರಿ" ಎಂದರು. ಕಾರ್ಡಿಗೊಂದರಂತೆ ನೋಟಿಸು ಬರೆದೆ. ಕೆಳಗೆ ಗ್ರಂಥಪಾಲಕನೆಂದು ಸಹಿ ಹಾಕಿ, ನನಗೇ ಕೊಟ್ಟು, ಮುಟ್ಟಿತೆಂದು ಇನ್ನೊಂದು ಸಹಿ ಹಾಕಿದೆ. ಆ ವರ್ಷ ಹರಪನಹಳ್ಳಿಯ ನಾಗಪ್ಪನ ಲೈಬ್ರರಿಯಲ್ಲಿ ಒಂದೇ ಒಂದು ಪುಸ್ತಕವೂ ಹೊರಗೆ ಉಳಿದಿರಲಿಲ್ಲವಂತೆ. ಅದನ್ನು ಕೇಳಿದ ದಿನವೂ ನನಗೆ ರೊಟ್ಟಿ ಸೇರಲಿಲ್ಲ.