ಮಿಡಿ ಉಪ್ಪಿನಕಾಯಿಗೆ ಬಣ್ಣದ ಲೇಬಲ್

ನಮ್ಮ ಮನೆಯ ಕಲರ್ ಪ್ರಿಂಟರಿನ ಆರೋಗ್ಯದ ಬಗ್ಗೆ ನನಗೆ ಯಾವತ್ತೂ ಸಂಶಯ ಬಂದದ್ದಿಲ್ಲ. ಉಳಿದ ಎಲ್ಲದರ ಬಗ್ಗೆಯೂ ಬಂದಿದೆ. ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದಿ, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ನಿವೃತ್ತನಾದವನಿಗೆ ಸಂಶಯವೇ ಕಸುಬು. ಜಾತಕ, ಜಾಹೀರಾತು, ಹವಾಮಾನ ವರದಿ, ಯಾವುದನ್ನೂ ನಂಬುವವನಲ್ಲ. ಇತ್ತೀಚೆಗೆ ನನ್ನ ನೆನಪನ್ನೂ ನಂಬುತ್ತಿಲ್ಲ. ಬಾಗಿಲಿಗೆ ಬೀಗ ಹಾಕಿದೆನೇ ಎಂದು ನೋಡಲು ಕಡಬದ ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದದ್ದುಂಟು. ಬೀಗ ಹಾಕಿತ್ತು. ಕೀಲಿಕೈ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲಿತ್ತು!

ಪ್ರಿಂಟರ್ ಹಾಗಲ್ಲ. ವಾರಕ್ಕೊಮ್ಮೆ ಒರೆಸಿ ಸ್ವಿಚ್ ಹಾಕಿದರೆ ಹಸಿರು ದೀಪ ಉರಿಯುತ್ತಿತ್ತು. ಅದು ಕೊನೆಯ ಸಲ ಕಾಗದದ ಮೇಲೆ ಏನಾದರೂ ಮುದ್ರಿಸಿದ್ದು ಯಾವಾಗ ಎಂಬ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ.

ಹೀಗಿರುವಾಗ ನನ್ನ ಹೆಂಡತಿ ಸುಮತಿಗೆ ಪುತ್ತೂರಿನ ಆಹಾರ ಮೇಳದಲ್ಲಿ ಒಂದು ಮಳಿಗೆ ಸಿಕ್ಕಿತು. ಮಾವಿನ ಮಿಡಿ ಉಪ್ಪಿನಕಾಯಿ, ಅರುವತ್ತು ಬಾಟಲಿ. ಇಷ್ಟು ವರ್ಷ ನೆಂಟರಿಗೆಲ್ಲ ಪುಕ್ಕಟೆ ಹಂಚಿದವಳು ಮೊದಲ ಸಲ ತನ್ನ ಹೆಸರಿನಲ್ಲಿ ಮಾರಲು ಹೊರಟಿದ್ದಳು. ಮೇಳದವರದು ಒಂದೇ ಷರತ್ತು: ಹೆಸರು, ತಯಾರಿಸಿದ ದಿನಾಂಕ ಇರುವ ಲೇಬಲ್ ಬೇಕು. ಇಲ್ಲವಾದರೆ ಬಾಟಲಿಗೆ ಮೇಜಿನ ಮೇಲೆ ಜಾಗವಿಲ್ಲ.

"ಪೇಟೆಯಲ್ಲಿ ಪ್ರಿಂಟ್ ಮಾಡಿಸುವ" ಅಂದಳು.

"ಮನೆಯಲ್ಲಿ ಯಂತ್ರ ಇರುವಾಗ ಪೇಟೆಗೆ ಯಾಕೆ? ಅರ್ಧ ಗಂಟೆಯ ಕೆಲಸ!"

ಆ ಅರ್ಧ ಗಂಟೆ ಗುರುವಾರ ಬೆಳಿಗ್ಗೆ ಶುರುವಾಯಿತು. ಮೇಳ ಇದ್ದದ್ದು ಭಾನುವಾರ.

ಹೊಸ ಲ್ಯಾಪ್‌ಟಾಪಿಗೆ ಪ್ರಿಂಟರಿನ ತಂತಿ ಸಿಕ್ಕಿಸಿದೆ. ಇಂಥದ್ದೊಂದು ವಸ್ತುವಿನ ಪರಿಚಯವೇ ತನಗಿಲ್ಲ ಎಂದಿತು. ಪರಿಚಯ ಮಾಡಿಸುವ ತಂತ್ರಾಂಶ ಹುಡುಕಿದೆ. ಕಂಪೆನಿಯವರು ಆ ಮಾದರಿಯನ್ನು ಎಂದೋ ಕೈಬಿಟ್ಟಿದ್ದರು. ಅದು ನಮ್ಮ ಮನೆಯಲ್ಲಿ ಇನ್ನೂ ಜೀವಂತ ಇರುವ ಸಂಗತಿ ಅವರಿಗೆ ತಿಳಿದಂತಿರಲಿಲ್ಲ. ಬೇರೆ ಯಾವುದೋ ಸೈಟಿನಿಂದ ಏನನ್ನೋ ಇಳಿಸಿಕೊಂಡೆ. ಪ್ರಿಂಟರ್ ಏಳಲಿಲ್ಲ. ಲ್ಯಾಪ್‌ಟಾಪ್ ಮಲಗಿತು!

ಭಾನುವಾರ ಬೆಳಿಗ್ಗೆ, ಪೇಟೆಯ ಅಂಗಡಿಗಳೆಲ್ಲ ಮುಚ್ಚಿರುವ ದಿನ, ಪಕ್ಕದ ಮನೆಯ ಹಮೀದ್‌ನನ್ನು ಕರೆದೆ. ದುಬೈಯಲ್ಲಿದ್ದು ಬಂದು ಈಗ ರಿಪೇರಿ ಅಂಗಡಿ ಇಟ್ಟವನು. ತನ್ನ ಅಂಗಡಿಯಿಂದ ಹೊಸ ಶಾಯಿ ತಂದು ತುಂಬಿಸಿ, ತಲೆ ಆಡಿಸಿದ.

"ಮಾಷ್ಟ್ರೆ, ಇದು ಹೊಸ ಕಂಪ್ಯೂಟರಿನ ಹತ್ತಿರ ಮಾತಾಡುದಿಲ್ಲ. ಇದರ ಕಾಲದ್ದು ಯಾವುದಾದ್ರೂ ಉಂಟಾ?"

ಇತ್ತು! ಅಟ್ಟದಿಂದ ಹಳೆಯ ಕಂಪ್ಯೂಟರನ್ನು ಇಬ್ಬರೂ ಸೇರಿ ಇಳಿಸಿದೆವು. ಸ್ವಿಚ್ ಹಾಕಿದೆ. ಗುರ್ರೆಂದು ಎದ್ದಿತು. ಎದ್ದದ್ದೇ ಪಾಸ್‌ವರ್ಡ್ ಕೇಳಿತು.

"ಸುಮತಿಯ ಹೆಸರು ಮತ್ತು ನಮ್ಮ ಮದುವೆಯ ಇಸವಿ" ಎಂದು ಗಂಭೀರವಾಗಿ ಘೋಷಿಸಿದೆ.

"ಹೌದಾ?" ಸುಮತಿಯ ಮುಖ ಅರಳಿತು. ಮೂರು ದಿನದಲ್ಲಿ ಮೊದಲ ಸಲ.

ಒತ್ತಿದೆ. ತಪ್ಪು! ಪುನಃ ಒತ್ತಿದೆ. ತಪ್ಪು!

"ಕೊಡಿ ಇಲ್ಲಿ, ಇಸವಿ ನಾನು ಹಾಕ್ತೇನೆ." ಅವಳು ಹಾಕಿದಳು. ಅದೂ ತಪ್ಪು!

"ಎಲ್ಲಿಯಾದ್ರೂ ಬರೆದಿಟ್ಟಿದ್ದೀರಾ?"

"ನೆನಪನ್ನು ನಂಬದೆ ಬರೆದಿದ್ದೆ. ಕಳ್ಳರನ್ನು ನಂಬದೆ ಅಡಗಿಸಿದ್ದೆ."

"ಎಲ್ಲಿ?"

ಅದೇ ಗೊತ್ತಿದ್ದರೆ!

ಅಷ್ಟರಲ್ಲಿ ಪ್ರಿಂಟರನ್ನು ಪರೀಕ್ಷಿಸುತ್ತಿದ್ದ ಹಮೀದ್, "ಕಾಗದ ಎಳೆಯುದೇ ಇಲ್ಲ. ಒಳಗೆ ಎಂತದೋ ಸಿಕ್ಕಿಕೊಂಡಿದೆ" ಅಂದ.

"ಆಯುಧಪೂಜೆಯ ಹೂ!" ನಾನು ಎದ್ದು ನಿಂತೆ. "ಪ್ರತಿ ವರ್ಷ ಬೇಡ ಬೇಡ ಎಂದರೂ ಇವಳು ಇದಕ್ಕೆ ಗಂಧ ಹಚ್ಚಿ ಹೂ ಇಡುವುದು. ಮೂಢನಂಬಿಕೆಯಿಂದ ಯಂತ್ರ ಕೆಡುತ್ತದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕೇ?" ಐದು ನಿಮಿಷ ಉಪನ್ಯಾಸವಾಯಿತು.

ಹಮೀದ್ ಹಿಂದಿನ ಮುಚ್ಚಳ ಬಿಚ್ಚಿ, ಚಿಮಟದಲ್ಲಿ ಅದನ್ನು ಹೊರಗೆಳೆದ. ಹೂವಲ್ಲ. ನಾಲ್ಕಾಗಿ ಮಡಚಿದ ಚೀಟಿ. ನನ್ನದೇ ಅಕ್ಷರ! ಸುಮತಿಯ ಹೆಸರಿತ್ತು. ಪಕ್ಕದಲ್ಲಿ ಒಂದು ಇಸವಿ ಇತ್ತು. ಅದು ನಮ್ಮ ಮದುವೆಗಿಂತ ಒಂದು ವರ್ಷ ಹಿಂದಿನದು!

ಚೀಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಸುಮತಿ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಮೆಲ್ಲಗೆ ಕೇಳಿದಳು: "ಆ ವರ್ಷ ನೀವು ಮದುವೆ ಆದದ್ದು ಯಾವ ಸುಮತಿಯನ್ನು?"

"ಅಕ್ಕಾ, ಕರೆಂಟು ಉಂಟಾ ನೋಡಿ ಬರ್ತೇನೆ" ಎಂದು ಹಮೀದ್ ಅಂಗಳಕ್ಕೆ ಹೋದ. ಕಂಪ್ಯೂಟರ್ ಅವನ ಮೂಗಿನೆದುರೇ ಉರಿಯುತ್ತಿತ್ತು.

ಆ ತಪ್ಪು ಇಸವಿಯನ್ನು ಒತ್ತಿದ ಕೂಡಲೇ ಕಂಪ್ಯೂಟರಿನ ಬಾಗಿಲು ತೆರೆಯಿತು. ಲೇಬಲುಗಳು ಒಂದೊಂದಾಗಿ ಇಳಿದವು. ಚಿತ್ರದ ಮಿಡಿಯ ಹಸಿರು ತುಸು ನೀಲಿಯಾದರೂ ಚೆಂದವಿತ್ತು.

"ದಿನಾಂಕ ಕಂಪ್ಯೂಟರೇ ಹಾಕುವಂತೆ ಮಾಡಿದ್ದೇನೆ. ಇನ್ನು ನನ್ನ ನೆನಪಿನ ಹಂಗಿಲ್ಲ" ಎಂದೆ. ಅಂಟಿಸಿ, ಹಮೀದ್‌ನ ಕಾರಿನಲ್ಲಿ ತುಂಬಿಸಿ ಪುತ್ತೂರಿಗೆ ಓಡಿದೆವು.

ಮೊದಲ ಗಿರಾಕಿ ಒಬ್ಬ ಅಜ್ಜಿ. ಬಾಟಲಿ ಎತ್ತಿ, ಕನ್ನಡಕ ಏರಿಸಿ ಓದಿದರು.

"ಇದೆಂತ ಮಾರಾಯ್ತಿ, ಹದಿನೇಳು ವರ್ಷ ಹಿಂದೆ ಹಾಕಿದ ಉಪ್ಪಿನಕಾಯಿಯಾ?"

ಇನ್ನೊಂದು ಬಾಟಲಿ ಎತ್ತಿ ನೋಡಿದೆ. ಅರುವತ್ತು ಬಾಟಲಿಯಲ್ಲೂ ಅದೇ!

"ಅಯ್ಯೋ! ಒಳಗಿನ ಸಣ್ಣ ಬ್ಯಾಟರಿ ಸತ್ತಿರಬೇಕು ಮಾಷ್ಟ್ರೆ" ಹಮೀದ್ ಹಣೆ ಚಚ್ಚಿಕೊಂಡ. "ಅದು ಸತ್ತರೆ ಕಂಪ್ಯೂಟರ್ ತನ್ನ ಹಳೆ ಕಾಲಕ್ಕೇ ಹೋಗುದು."

ಮೇಳದ ಮೇಲ್ವಿಚಾರಕರು ಬಂದರು. "ಅರ್ಧ ಗಂಟೆಯಲ್ಲಿ ಸರಿ ಮಾಡಿ. ಇಲ್ಲದಿದ್ರೆ ಎತ್ತಿಕೊಂಡು ಹೋಗಿ." ಮತ್ತೆ ಅರ್ಧ ಗಂಟೆ!

ಸುಮತಿಯ ಕಣ್ಣಲ್ಲಿ ನೀರಿತ್ತು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಕೈಗೆ ಒಂದು ಪೆನ್ನು ಕೊಟ್ಟಳು. "ಅದನ್ನು ಹೊಡೆದು ಹಾಕಿ ಸರಿಯಾದ್ದು ಬರೆಯಿರಿ."

ಯಂತ್ರಗಳ ಸಹವಾಸ ಮುಗಿಯಿತು, ಇನ್ನು ಮನುಷ್ಯನ ಬುದ್ಧಿಯೇ ಗತಿ ಎಂದುಕೊಂಡೆ. ಮೊದಲ ಬಾಟಲಿಯಲ್ಲಿ ದಿನ, ತಿಂಗಳು, ಇಸವಿ, ಮೂರನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದು ಅವಳಿಗೆ ತೋರಿಸಿದೆ.

ಅವಳು ನೋಡಿದಳು. ಹಮೀದ್ ಕೂಡ ನೋಡಿದ. ಅಜ್ಜಿಯೂ ಬಗ್ಗಿ ನೋಡಿದರು.

"ಇದು ಕಳೆದ ವರ್ಷ" ಅಂದಳು ಸುಮತಿ.

ಪೆನ್ನು ಅವಳ ಕೈಗೆ ಹೋಯಿತು. ಅವಳ ಕೈಬರಹದ ಅರುವತ್ತೂ ಬಾಟಲಿ ಸಂಜೆಯೊಳಗೆ ಖಾಲಿಯಾದವು. ನನಗೆ ಬಾಟಲಿ ಒರೆಸುವ ಬಟ್ಟೆ ಕೊಟ್ಟಿದ್ದರು. ಚೆನ್ನಾಗಿಯೇ ಒರೆಸಿದೆ. ಅದಕ್ಕೆ ಇಸವಿ ಗೊತ್ತಿರಬೇಕೆಂದಿಲ್ಲ.